ಮಡಿ ಹಾಲಿನ ಪಕ್ಕದ ಜಾಗ

ಸಿಡ್ನಿ, ವಿಮಾನ ನಿಲ್ದಾಣ

ಉದ್ದನೆಯ ಸ್ಟೀಲ್ ಮೇಜಿನ ಈಚೆ ನಾವು ಮೂವರು ನಿಂತಿದ್ದೆವು. ನಡುವೆ ನಾನು. ಎಡಕ್ಕೆ ಒಣಮೀನಿನ ಪೊಟ್ಟಣವನ್ನು ಕೂಸಿನ ಹಾಗೆ ಎದೆಗೆ ಅವುಚಿಕೊಂಡಿದ್ದ ವಿಯೆಟ್ನಾಮಿನ ಮುದುಕಿ, ಬಲಕ್ಕೆ ಉಪ್ಪಿನಕಾಯಿ ಭರಣಿ ಹಿಡಿದ ಒಬ್ಬ ಸರದಾರಜಿ. ಮೇಜಿನ ಆಚೆ ಕೈಗವಸು ತೊಟ್ಟ ಅಧಿಕಾರಿಣಿ, ಅವಳ ಕಾಲ ಬಳಿ ಒಂದು ಕರೀ ನಾಯಿ. ಆ ನಾಯಿ ಎಷ್ಟೋ ಪೆಟ್ಟಿಗೆಗಳನ್ನು ಮೂಸಿ ಮುಂದೆ ಹೋಗಿ, ನನ್ನದರ ಹತ್ತಿರ ಬಂದು ಸುಮ್ಮನೆ ಕೂತಿತ್ತು. ಬೊಗಳಲಿಲ್ಲ, ಹಲ್ಲು ಕಿಸಿಯಲಿಲ್ಲ. ಕೂತಿತು, ಅಷ್ಟೆ. ಅದು ಕೂತರೆ ಪೆಟ್ಟಿಗೆ ಬಿಚ್ಚಬೇಕು, ಅದು ಅಲ್ಲಿಯ ರೀತಿ.

ಶೇಂಗಾ ಚಟ್ನಿ, ಮೆಂತ್ಯದ ಹಿಟ್ಟು, ಅರಿಸಿನ ಎಲ್ಲ ಪಾರಾದವು. ಸಿಕ್ಕಿಬಿದ್ದದ್ದು ಒಂದು ಸಣ್ಣ ಕಾಗದದ ಪೊಟ್ಟಣ. ಅದರಲ್ಲಿ ಮಠದಿಂದ ತಂದ ಮಂತ್ರಾಕ್ಷತೆ ಮತ್ತು ಎರಡು ತುಳಸಿದಳ ಇದ್ದವು. ನನ್ನ ತಂಗಿ ಸುಮಿತ್ರಾಳ ತಲೆಯ ಮೇಲೆ ಹಾಕಬೇಕೆಂದು ತಂದದ್ದು. ನನಗೆ ಬರುವ ಇಂಗ್ಲಿಷು ಆ ಅಧಿಕಾರಿಣಿಗೆ ತಿಳಿಯಲಿಲ್ಲ. ಸರದಾರಜಿ ನಡುವೆ ಬಂದು ನನ್ನ ಹಿಂದಿಯನ್ನು ಇಂಗ್ಲಿಷಿಗೆ ತಿರುಗಿಸಿದ. ತಂಗಿಗೆ ಆರಾಮಿಲ್ಲ, ಇದು ದೇವರ ಪ್ರಸಾದ ಎಂದು ಹೇಳಿಸಿದೆ. ಅವಳು ಕೇಳಿಸಿಕೊಂಡಳು. ಒಂದು ಅಕ್ಕಿ ಕಾಳಿನೊಳಗೆ ಕಣ್ಣಿಗೆ ಕಾಣದ ಹುಳ ಇರಬಹುದು, ಅದು ಒಳಗೆ ಬಂದರೆ ನಮ್ಮ ಕಣಜಗಳೆಲ್ಲ ಹೋದವು ಎಂದಳು. ಸಾರಿ ಎಂದಳು. ಮತ್ತೆ ಸಾರಿ ಎಂದಳು. ಆಮೇಲೆ ಮಂತ್ರಾಕ್ಷತೆಯನ್ನು ಹಳದಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು.

ನಮ್ಮಲ್ಲಾಗಿದ್ದರೆ ಮೊದಲು ಗದರಿಸುತ್ತಿದ್ದರು, ನಾನು ಕೈ ಮುಗಿಯುತ್ತಿದ್ದೆ, ಕಡೆಗೆ ಇದೊಂದು ಸಲ ಹೋಗ್ರಿ ಅಂತ ಬಿಡುತ್ತಿದ್ದರು. ಅಲ್ಲಿ ಹಾಗಲ್ಲ. ಮನಸ್ಸಿಟ್ಟು ಸಾರಿ ಹೇಳುತ್ತಾರೆ, ವಸ್ತು ಮಾತ್ರ ಕೊಡುವುದಿಲ್ಲ. ಮುಂದಿನ ತಿಂಗಳುಗಳಲ್ಲಿ ಆ ಸಾರಿಯನ್ನು ನಾನು ಬೇರೆ ಬೇರೆ ಬಾಯಲ್ಲಿ ಕೇಳುವುದಿತ್ತು.

ಹೊರಗೆ ತಂಗಿಯ ಗಂಡ ಶ್ರೀಪಾದ, ಮಗಳು ಮೇಘಾ ನಿಂತಿದ್ದರು. ಸುಮಿ ಬಂದಿರಲಿಲ್ಲ. ಅವಳು ಬರಲಾರಳು ಎಂದು ಗೊತ್ತಿದ್ದರೂ ನನ್ನ ಕಣ್ಣು ಜನರ ನಡುವೆ ಅವಳನ್ನೇ ಹುಡುಕಿತು.

ಲಿವರ್‌ಪೂಲ್

ಸಿಡ್ನಿ ಎಂದರೆ ಸಮುದ್ರ, ದೊಡ್ಡ ಸೇತುವೆ ಎಂದು ನಾನು ಚಿತ್ರದಲ್ಲಿ ನೋಡಿದ್ದೆ. ಇವರ ಮನೆ ಇರುವ ಲಿವರ್‌ಪೂಲಿಗೆ ಸಮುದ್ರದ ಗಾಳಿಯೂ ಬರುವುದಿಲ್ಲ. ಸಮುದ್ರದ ದಂಡೆಯಿಂದ ಅದು, ಧಾರವಾಡದಿಂದ ಹುಬ್ಬಳ್ಳಿ ಇದ್ದದ್ದಕ್ಕಿಂತ ದೂರ. ಪೇಟೆಯಲ್ಲಿ ಅರಬ್ಬೀ ಅಕ್ಷರದ ಅಂಗಡಿ, ಪಕ್ಕದಲ್ಲಿ ವಿಯೆಟ್ನಾಮಿನ ದವಾಖಾನೆ, ಅದರ ಪಕ್ಕ ಫಿಜಿಯವರ ಸೀರೆ ಅಂಗಡಿ. ಹೆಂಗಸರು ಬಗೆಬಗೆಯಾಗಿ ತಲೆಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದರು. ಎಲ್ಲೆಲ್ಲಿಯದೋ ಜನ ಬಂದು ಒಂದೇ ಬಸ್ಸಿಗೆ ಕಾಯುತ್ತಿದ್ದರು.

ಸುಮಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ನನಗಿಂತ ಹತ್ತು ವರ್ಷ ಚಿಕ್ಕವಳು, ನನಗಿಂತ ಹಿರಿಯಳ ಹಾಗೆ ಕಾಣುತ್ತಿದ್ದಳು. ನನ್ನ ಮುಖ ನೋಡಿದವಳೇ, “ಅಳಬ್ಯಾಡ, ಅಕ್ಕಾ. ತೆಳ್ಳಗಾಗಬೇಕು ಅಂತ ಜನ್ಮಾ ಪೂರ್ತಿ ವ್ರತಾ ಮಾಡೀನಿ. ದೇವರು ಈಗ ಕೇಳಿಸಿಕೊಂಡಾನ” ಎಂದಳು. ನಮ್ಮ ಅಜ್ಜಿಯ ಬಾಯಿ ಅವಳಿಗೆ ಬಂದಿತ್ತು. ಅಜ್ಜಿ ಹೆಣದ ಮುಂದೆ ಕೂತರೂ ಒಂದು ಮಾತು ಒಗೆಯದೆ ಇರುತ್ತಿರಲಿಲ್ಲ.

ದೊಡ್ಡ ಕರುಳಿನ ಕ್ಯಾನ್ಸರು. ಗೊತ್ತಾಗುವ ಹೊತ್ತಿಗೆ ಯಕೃತ್ತಿಗೂ ಹೋಗಿತ್ತು. ಒಂದು ಬಗೆಯ ಕೀಮೋ ಮುಗಿದಿತ್ತು, ಎರಡನೆಯದು ಹಿಡಿಯುತ್ತಿರಲಿಲ್ಲ. ಮೆಲ್ಬರ್ನಿನಲ್ಲಿ ಹೊಸ ಔಷಧಿಯ ಪ್ರಯೋಗ ನಡೆದಿದೆ, ಮೈಯ ಸ್ವಂತ ಶಕ್ತಿಯನ್ನೇ ಎಬ್ಬಿಸಿ ರೋಗದ ಮೇಲೆ ಬಿಡುವ ಔಷಧಿ, ಅಲ್ಲಿ ತೋರಿಸಿ ಎಂದು ಇಲ್ಲಿಯ ಡಾಕ್ಟರು ಬರೆದುಕೊಟ್ಟಿದ್ದರು. ಅದಕ್ಕೇ ನನ್ನನ್ನು ಕರೆಸಿದ್ದು. ಮೇಘಾಗೆ ಕಾಲೇಜು, ಶ್ರೀಪಾದನಿಗೆ ನೌಕರಿ ಮತ್ತು ಎಂಬತ್ತು ದಾಟಿದ ತಾಯಿ. ಮೆಲ್ಬರ್ನಿಗೆ ಸುಮಿಯ ಜೊತೆ ಹೋಗಿಬರಲು ಒಬ್ಬರು ಬೇಕಿತ್ತು.

ಶ್ರೀಪಾದನ ತಾಯಿಯನ್ನು ಮನೆಯಲ್ಲಿ ಎಲ್ಲರೂ ಆಯಿ ಎನ್ನುತ್ತಾರೆ. ಬೆಳಗಾವಿಯವರು. ಅಡಿಗೆಮನೆಯ ಒಂದು ಒಲೆ ಅವರದು, ಫ್ರಿಜ್ಜಿನ ಮೇಲಿನ ಹಲಗೆ ಅವರದು. ಅಲ್ಲಿ ಮಡಿಯ ಹಾಲು, ಹೆಪ್ಪು, ನೈವೇದ್ಯದ ಬೆಣ್ಣೆ. ಸ್ನಾನವಾಗದೆ ಆ ಹಲಗೆಗೆ ಯಾರೂ ಕೈ ಹಚ್ಚುವಂತಿಲ್ಲ. ಪಕ್ಕದ ಮನೆಯ ಇರಾಕಿನ ಹೆಂಗಸು ದಿನಾ ಒಂದು ತಾಟು ಊಟ ತಂದು, ಗಂಟೆಯನ್ನೂ ಬಾರಿಸದೆ ಬಾಗಿಲ ಮುಂದಿಟ್ಟು ಹೋಗುತ್ತಿದ್ದಳು. ಆಯಿ ಅದನ್ನು ಎರಡೂ ಕೈಯಿಂದ ಎತ್ತಿಕೊಂಡು ಹೋಗಿ ಗ್ಯಾರೇಜಿನಲ್ಲಿಡುತ್ತಿದ್ದರು. ಮೇಘಾ ಅಲ್ಲೇ ಕೂತು ತಿನ್ನುತ್ತಿದ್ದಳು. ಆಯಿ ತಾಟನ್ನು ತಿಕ್ಕಿ ತೊಳೆದು, ಬರಿದಾಗಿ ಕಳಿಸಬಾರದೆಂದು ಶೇಂಗಾ ಉಂಡಿ ತುಂಬಿ ವಾಪಸು ಇಟ್ಟುಬರುತ್ತಿದ್ದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಒಂದು ದಿನವೂ ತಪ್ಪಲಿಲ್ಲ.

ಹಿತ್ತಲ ಲಿಂಬೆಗಿಡದ ಕೆಳಗೆ

ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುವಾಗ ಸುಮಿ ಡಬ್ಬಿಯ ಕಥೆ ಹೇಳಿದಳು.

ಆ ದೇಶದಲ್ಲಿ ಐವತ್ತು ತುಂಬಿದವರ ಮನೆಗೆ ಸರಕಾರ ಅಂಚೆಯಲ್ಲಿ ಒಂದು ಡಬ್ಬಿ ಕಳಿಸುತ್ತದೆ. ಅದರಲ್ಲಿ ಎರಡು ಸಣ್ಣ ನಳಿಕೆ, ಕಡ್ಡಿ, ಚೀಲ. ಮಲವನ್ನು ಕಡ್ಡಿಯ ತುದಿಯಿಂದ ಮುಟ್ಟಿ ನಳಿಕೆಗೆ ಹಾಕಿ ಅಂಚೆಯಲ್ಲಿ ತಿರುಗಿ ಕಳಿಸಬೇಕು. ಕಣ್ಣಿಗೆ ಕಾಣದ ರಕ್ತ ಇದ್ದರೆ ಅವರು ಹಿಡಿಯುತ್ತಾರೆ. ಪುಕ್ಕಟೆ. ಸುಮಿಯ ಡಬ್ಬಿ ಐವತ್ತನೆಯ ಹುಟ್ಟುಹಬ್ಬದ ಆಸುಪಾಸಿನಲ್ಲೇ ಬಂತಂತೆ. ಸರಕಾರದ ಉಡುಗೊರೆ ನೋಡ್ರಿ ಎಂದು ಮನೆಮಂದಿಯೆಲ್ಲ ನಕ್ಕರಂತೆ. ಆಮೇಲೆ ಸುಮಿ ಕನ್ನಡಕ ಹಾಕಿಕೊಂಡು ಒಳಗಿನ ಸೂಚನೆ ಓದಿದಳು. ಎರಡು ಬೇರೆ ಬೇರೆ ಸಲದ ಮಾದರಿ ಬೇಕು. ಎರಡನೆಯದು ಆಗುವ ತನಕ ಮೊದಲನೆಯದನ್ನು ಫ್ರಿಜ್ಜಿನಲ್ಲಿಡಬೇಕು.

ಫ್ರಿಜ್ಜಿನಲ್ಲಿ ಮಡಿ ಹಾಲಿತ್ತು.

ಯಾರೂ ಬೇಡ ಅನ್ನಲಿಲ್ಲ. ಆಯಿಯನ್ನು ಕೇಳಲೂ ಇಲ್ಲ, ಕೇಳುವ ಮಾತೇ ಅಲ್ಲ ಅದು. ಡಬ್ಬಿ ಗ್ಯಾರೇಜಿಗೆ ಹೋಗಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತಿತು. ಅದಕ್ಕೂ ಮುಂಚೆ ಬಂದ ಶ್ರೀಪಾದನ ಡಬ್ಬಿ ಅಲ್ಲೇ ಇತ್ತು. ಎರಡೂ ಜೋಡಿಯಾಗಿ ಧೂಳು ತಿಂದು, ಒಂದು ಸಲ ಹಳೆಯ ಸಾಮಾನಿನ ಜೊತೆ ಕಸದ ಗಾಡಿಗೆಂದು ರಸ್ತೆಬದಿಗೆ ಹೋದವು. ನಂತರ ಸುಮಿಗೆ ರಕ್ತ ಕಾಣಿಸತೊಡಗಿದಾಗ ಮನೆಯಲ್ಲಿ ಉಷ್ಣ ಎಂದುಕೊಂಡರು. ಮೂಲವ್ಯಾಧಿ, ನಮ್ಮ ಕಡೆ ಯಾರಿಗಿಲ್ಲ? ಮಜ್ಜಿಗೆ ಕುಡಿದಳು, ಕಾಮಕಸ್ತೂರಿ ಬೀಜ ನೆನೆಸಿ ತಿಂದಳು, ಖಾರ ಬಿಟ್ಟಳು. ತುಸು ಕಡಿಮೆಯಾದಂತೆಯೂ ಅನಿಸಿತಂತೆ.

“ಆಯಿಗೆ ಇದೆಲ್ಲಾ ಗೊತ್ತದ?” ಎಂದು ಕೇಳಿದೆ.

“ಗೊತ್ತದ. ಡಾಕ್ಟರ್ ಡಬ್ಬಿ ಬಗ್ಗೆ ಕೇಳಿದಾಗ ಅಲ್ಲೇ ಕೂತಿದ್ರು. ಶ್ರೀಪಾದ ಕನ್ನಡದಾಗ ಹೇಳಿದ. ಅವತ್ತಿನಿಂದ ನನ್ನ ಕೂಡ ಫ್ರಿಜ್ಜಿನ ಮಾತು ಆಡಿಲ್ಲ.”

ಅಡಿಗೆಮನೆಯ ಕಿಟಕಿಯಲ್ಲಿ ಆಯಿಯ ಬಿಳಿ ತಲೆ ಕಂಡಿತು. ಅವರು ಸುಮಿಗಾಗಿ ಗಂಜಿ ಸೋಸುತ್ತಿದ್ದರು.

ಮೆಲ್ಬರ್ನ್, ಡಾಕ್‌ಲ್ಯಾಂಡ್ಸ್

ಮೆಲ್ಬರ್ನಿನಲ್ಲಿ ನಮಗೆ ಜಾಗ ಕೊಟ್ಟವನು ಕಿರಣ್. ಹಾಸನದವನು. ಓದಲು ಬಂದು, ಅಲ್ಲೇ ನೆಲೆಸಲು ಪಿಆರ್ ತೆಗೆದುಕೊಂಡು, ಒಂದು ಬ್ಯಾಂಕಿನ ಕಂಪ್ಯೂಟರ್ ಕೆಲಸದಲ್ಲಿದ್ದ. ನಮಗೂ ಅವನಿಗೂ ನೆಂಟಸ್ತಿಕೆಯಿಲ್ಲ. ಅಲ್ಲಿಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಶ್ರೀಪಾದ ಕೇಳಿದ್ದಕ್ಕೆ, ನನ್ನ ಫ್ಲ್ಯಾಟಲ್ಲಿ ಒಂದು ರೂಮಿದೆ ಎಂದು ಬರೆದವನು ಇವನೊಬ್ಬ.

ಡಾಕ್‌ಲ್ಯಾಂಡ್ಸಿನ ಗಾಳಿಗೆ ಎರಡು ಶಾಲು ಸಾಲದು. ಗಾಜಿನ ಗೋಪುರಗಳ ನಡುವೆ ಬೀಸಿ ಬಂದು ಕಿವಿಯೊಳಗೆ ಹೋಗುತ್ತದೆ. ಮೊದಲ ದಿನ ಟ್ರಾಮ್ ಹತ್ತಿದವಳೇ ನಾನು ಟಿಕೆಟಿನ ಕಾರ್ಡು ಹಿಡಿದು ಯಂತ್ರದ ಕಡೆ ಧಾವಿಸಿದೆ.

“ಆಂಟಿ, ಟ್ಯಾಪ್ ಮಾಡ್ಬೇಡಿ, ಇದು ಫ್ರೀ ಝೋನ್” ಎಂದ ಕಿರಣ್.

ಪುಕ್ಕಟೆ ಬಸ್ಸು ನಮ್ಮಲ್ಲೂ ಬಂದಿದೆ, ಆದರೂ ಆಧಾರ್ ಕಾರ್ಡು ತೋರಿಸಬೇಕಪ್ಪ ಎಂದೆ. ಇಲ್ಲಿ ಏನೂ ತೋರಿಸಬೇಕಾಗಿಲ್ಲ ಎಂದ. ಏನೂ ತೋರಿಸದೆ ಕೂತು ಹೋಗುವುದು ನನಗೆ ಕಡೆಯವರೆಗೂ ಕಳ್ಳತನದ ಹಾಗೇ ಅನಿಸಿತು. ಸುಮಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಎದುರು ಕೂತ ಹರೆಯದ ಹುಡುಗಿ ಕಿವಿಯ ತಂತಿ ತೆಗೆದು, ಆರ್ ಯೂ ಓಕೆ ಎಂದು ಕೇಳಿದಳು. ಸುಮಿ ಕಣ್ಣು ತೆರೆಯದೆ ಹೆಬ್ಬೆರಳು ಎತ್ತಿ ತೋರಿಸಿದಳು. ಹುಡುಗಿ ತಂತಿಯನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು. ನಮ್ಮಲ್ಲಾಗಿದ್ದರೆ ಇಳಿಯುವಷ್ಟರಲ್ಲಿ ರೋಗದ ಹೆಸರು, ಡಾಕ್ಟರ ಹೆಸರು, ಮಕ್ಕಳೆಷ್ಟು, ಎಲ್ಲ ಕೇಳಿ ಮುಗಿಯುತ್ತಿತ್ತು. ಯಾವುದು ಒಳ್ಳೆಯದು ಎಂದು ಹೇಳಲಾರೆ. ನನ್ನನ್ನು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು ಅನಿಸಿತು.

ಡಾಕ್ಟರ ಕೋಣೆ

ಡಾಕ್ಟರ್ ಮರಿಯಾ ಎತ್ತರದ ಹೆಂಗಸು. ಅಜ್ಜ ಅಜ್ಜಿ ಗ್ರೀಸಿನಿಂದ ಬಂದವರಂತೆ. ಮೇಜಿನ ಹಿಂದೆ ಕೂಡದೆ, ಕುರ್ಚಿ ಎಳೆದುಕೊಂಡು ಸುಮಿಯ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತರು. ಅವರು ಒಂದಿಷ್ಟು ಹೇಳುವುದು, ಸುಮಿ ಅದನ್ನು ನನಗೆ ನಮ್ಮ ಭಾಷೆಯಲ್ಲಿ ಹೇಳುವುದು, ಹೀಗೆ ನಡೆಯಿತು. ತನ್ನ ಗಡ್ಡೆಯ ಸುದ್ದಿಯನ್ನು ಅವಳು ಪಕ್ಕದ ಓಣಿಯ ಸುದ್ದಿಯ ಹಾಗೆ ಹೇಳುತ್ತಿದ್ದಳು.

ನಮ್ಮೆಲ್ಲರ ರಕ್ತದಲ್ಲಿ ಕಾವಲಿನ ಕಣಗಳಿರುತ್ತವೆ. ಹೊರಗಿನ ಕೇಡನ್ನೂ ಒಳಗಿನ ಕೇಡನ್ನೂ ಹಿಡಿಯುವುದು ಅವುಗಳ ಕೆಲಸ. ಸುಮಿಯ ಗಡ್ಡೆಯ ತುಣುಕು ತೆಗೆದು ನೋಡಿದಾಗ, ಆ ಕಣಗಳು ಗಡ್ಡೆಯ ಅಂಚಿನವರೆಗೆ ಬಂದು ಹೊರಗೇ ನಿಂತಿದ್ದವು. ಒಳಗೆ ಹೋಗಿರಲಿಲ್ಲ.

ಇದನ್ನು ನನಗೆ ಹೇಳುತ್ತಿದ್ದ ಸುಮಿ ನಡುವೆಯೇ ನಿಂತಳು. “ಅಕ್ಕಾ, ನಿನ್ನ ಮಂತ್ರಾಕ್ಷತೆ ಹಿಡೀತಲ್ಲ ಆ ನಾಯಿ, ಹಂಗ. ನನ್ನ ನಾಯಿ ಬಂದದ, ಮೂಸೇದ. ಆದ್ರ ಕೂತಿಲ್ಲ.”

ಡಾಕ್ಟರಿಗೂ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅವರು ನಕ್ಕು, ನಾನು ಸೈನಿಕರ ಹೋಲಿಕೆ ಕೊಡುತ್ತಿದ್ದೆ, ಇನ್ನು ಮುಂದೆ ನಾಯಿಯದನ್ನೇ ಕೊಡುತ್ತೇನೆ ಎಂದರು. ಹೊಸ ಔಷಧಿ ಆ ನಾಯಿಯನ್ನು ಒಳಗೆ ಬಿಟ್ಟು ಕೂಡಿಸಲು ನೋಡುತ್ತದೆ.

ಸುಮಿ ಆಗ ಕೇಳಿದ ಪ್ರಶ್ನೆಯನ್ನು ನಾನು ಈಗಲೂ ನೆನೆಯುತ್ತೇನೆ. ನನ್ನಂಥವರ ಮೈಯಲ್ಲಿ ಆ ನಾಯಿ ಕೂತಿದೆಯೇ? ನನ್ನಂಥವರು ಎನ್ನುವಾಗ ತನ್ನ ಮುಂಗೈಯ ಚರ್ಮವನ್ನು ಚಿವುಟಿ ತೋರಿಸಿದಳು.

ಡಾಕ್ಟರು ಒಂದೊಂದಾಗಿ ಹೇಳಿದರು. ಬೇರೆ ದೇಶಗಳಲ್ಲಿ ಕರಿಯರ ಗಡ್ಡೆಗಳನ್ನೂ ಬಿಳಿಯರ ಗಡ್ಡೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಕಾವಲಿನ ಕಣಗಳು ಎರಡು ಕಡೆಯೂ ಒಂದೇ ರೀತಿ ಕೆಲಸ ಮಾಡುತ್ತಿರಲಿಲ್ಲ ಎಂದು ಕಂಡವರಿದ್ದಾರೆ. ಆದರೆ ಅದು ಹುಟ್ಟಿನ ರಕ್ತದಿಂದಲೋ, ತಿನ್ನುವ ಅನ್ನದಿಂದಲೋ, ಕರುಳಿನಲ್ಲಿರುವ ಕ್ರಿಮಿಗಳಿಂದಲೋ, ಬಡತನದಿಂದಲೋ, ತಡವಾಗಿ ಡಾಕ್ಟರ ಹತ್ತಿರ ಬಂದದ್ದರಿಂದಲೋ, ಯಾರೂ ಇನ್ನೂ ಬಿಡಿಸಿ ಹೇಳಿಲ್ಲ. ಇಂಥ ಔಷಧಿಗಳನ್ನು ಪರೀಕ್ಷಿಸಿದ್ದು ಹೆಚ್ಚಾಗಿ ಯೂರೋಪಿನ ಮೂಲದವರ ಮೇಲೆ. ನಿಮ್ಮ ಕಡೆಯವರ ಗಡ್ಡೆಯ ತುಣುಕು, ಸಂಶೋಧನೆಗೆಂದು ಕಾದಿಡುವ ನಮ್ಮ ಫ್ರೀಜರಿನಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಕಡೆಯದಾಗಿ, ನಿಮಗೆ ಇದು ಹಿಡಿಯುತ್ತದೆ ಎಂದೂ ಹೇಳಲಾರೆ, ಹಿಡಿಯುವುದಿಲ್ಲ ಎಂದೂ ಹೇಳಲಾರೆ, ಸಾರಿ ಎಂದರು.

ಸುಮಿ ಇಷ್ಟನ್ನೂ ನನಗೆ ಹೇಳಿ ಮುಗಿಸಿದಳು. “ನಾಯಿಗೆ ಅವರ ಪೆಟ್ಟಿಗಿ ಮ್ಯಾಲೆ ಕಲಿಸ್ಯಾರಂತ, ಅಕ್ಕಾ. ನಮ್ಮ ಪೆಟ್ಟಿಗಿ ವಾಸನಿ ಅದಕ್ಕ ಗೊತ್ತದೋ ಇಲ್ಲೋ, ಇವರಿಗೂ ಗೊತ್ತಿಲ್ಲ.”

ಒಪ್ಪಿಗೆಯ ಹಾಳೆಗೆ ಅಲ್ಲೇ ಸಹಿ ಹಾಕಿ ಪೆನ್ನು ಕೊಟ್ಟಳು. ಬೇರೆ ದಾರಿ ಇದ್ದವರು ಯೋಚಿಸಿ ಹೇಳುತ್ತೇನೆ ಎನ್ನುತ್ತಾರೆ.

ಡ್ಯಾಂಡಿನಾಂಗ್

ಔಷಧಿ ಮೂರು ವಾರಕ್ಕೊಮ್ಮೆ. ನಾವು ಸಿಡ್ನಿಯಿಂದ ಹಾರಿ ಬಂದು, ಕಿರಣನ ಮನೆಯಲ್ಲಿಳಿದು, ಔಷಧಿ ಏರಿಸಿಕೊಂಡು ತಿರುಗಿ ಹೋಗುತ್ತಿದ್ದೆವು. ಆಸ್ಪತ್ರೆಯಲ್ಲಿ ಸುಮಿಯ ಪಕ್ಕದ ಕುರ್ಚಿ ಯಾವಾಗಲೂ ಕೆವಿನ್ ಎಂಬವನದು. ಹಳ್ಳಿಯ ಕಡೆ ಹಸು ಸಾಕುವ ಬಿಳಿ ಮನುಷ್ಯ, ಕುತ್ತಿಗೆ ಬಿಸಿಲಿಗೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅವನಿಗೂ ಅದೇ ಕರುಳಿನ ರೋಗ, ಅದೇ ಔಷಧಿ, ಅದೇ ದಿನ ಶುರು. ಸುಮಿಯನ್ನು ನೆರೆಯವಳೇ ಎಂದು ಕರೆಯುತ್ತಿದ್ದ. ಅವಳು ಶೇಂಗಾ ಉಂಡಿ ಕೊಟ್ಟರೆ ಅವನು ತನ್ನ ಹಸುಗಳ ಫೋಟೋ ತೋರಿಸುತ್ತಿದ್ದ. ಒಂದೊಂದಕ್ಕೂ ಹೆಸರಿತ್ತು. ಇಷ್ಟು ಹಸು ಇದ್ದರೂ ಒಂದಕ್ಕೂ ಕುಂಕುಮ ಹಚ್ಚಿಲ್ಲವಲ್ಲ ಎಂದು ಸುಮಿ ಆಕ್ಷೇಪಿಸಿದಳು. ಮುಂದಿನ ಸಲ ಅವನು ಒಂದರ ಹಣೆಗೆ ಕೆಂಪು ಬಣ್ಣ ಬಳಿದು ಫೋಟೋ ತಂದಿದ್ದ. ಕುರಿಗಳಿಗೆ ಗುರುತು ಹಾಕುವ ಬಣ್ಣವಂತೆ.

ಒಂದು ಸಲ ಮೈ ಹಗುರಾಗಿದೆ ಎಂದು ಸುಮಿ ಊರಾಚೆಯ ಡ್ಯಾಂಡಿನಾಂಗಿನ ಮಾರುಕಟ್ಟೆಗೆ ಹೋಗೋಣ ಎಂದಳು. ಅಲ್ಲಿ ನಮ್ಮ ಹಾಗಲಕಾಯಿ ಸಿಗುತ್ತದೆ ಎಂದು ಕಿರಣ್ ಹೇಳಿದ್ದ. ಅವಳಿಗೆ ಹಾಗಲಕಾಯಿ ಗೊಜ್ಜಿನ ಆಸೆ ಬಂದಿತ್ತು. ಆಸೆ ಎಂಬುದು ಬಂದು ಬಹಳ ದಿನವಾಗಿದ್ದರಿಂದ ನಾನು ಎರಡು ಮಾತಾಡಲಿಲ್ಲ.

ರೈಲಿನಲ್ಲಿ ಹೋದೆವು. ಮಾರುಕಟ್ಟೆಯೊಳಗೆ ಕಾಲಿಟ್ಟರೆ ಶನಿವಾರದ ಹುಬ್ಬಳ್ಳಿ. ಕೂಗು, ಗದ್ದಲ, ಕೊತ್ತಂಬರಿ ವಾಸನೆ. ಅಫಘಾನಿಸ್ತಾನದವನೊಬ್ಬ ಮೊಣಕೈಯುದ್ದದ ರೊಟ್ಟಿ ಸುಡುತ್ತಿದ್ದ. ಸುಡಾನಿನ ಎತ್ತರದ ಹೆಂಗಸರು, ಸಿಂಹಳದವರು, ಕಾಂಬೋಡಿಯದವರು, ನಮ್ಮ ಗುಜರಾತಿಗಳು. ಸುಮಿ ಒಂದು ಕಟ್ಟೆಯ ಮೇಲೆ ಕೂತಳು. ರೊಟ್ಟಿಯವನು ಅವಳನ್ನು ನೋಡಿ ಬಿಸಿ ರೊಟ್ಟಿಯ ಒಂದು ತುಂಡು ತಂದುಕೊಟ್ಟು, ಎದೆಯ ಮೇಲೆ ಕೈಯಿಟ್ಟು ಬಾಗಿ ಹೋದ. ಅವಳು ಅದನ್ನು ತಿನ್ನಲಿಲ್ಲ, ಬಿಸಿಗೆಂದು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು. ಹೋಗಿಬರುವವರ ಮುಖಗಳನ್ನು ಬಹಳ ಹೊತ್ತು ನೋಡಿದಳು.

“ಇಷ್ಟು ನಮೂನಿ ಮಂದಿ ಇದ್ದಾರಲ್ಲ, ಅಕ್ಕಾ. ಇವರ ಯಾರದೂ ತುಣುಕು ಆ ಡಾಕ್ಟರ್ ಫ್ರೀಜರ್‌ನ್ಯಾಗ ಇಲ್ಲಂತ. ಇವರೂ ಎಲ್ಲಾ ತಮ್ಮ ಡಬ್ಬಿ ಚಪ್ಪಲಿ ಮ್ಯಾಲೆ ಇಟ್ಟಿರಬೇಕು.”

ನಗಲು ಹೋದವಳಿಗೆ ಕೆಮ್ಮು ಬಂತು. ಹಾಗಲಕಾಯಿ ಕೊಂಡೆವು. ಗೊಜ್ಜು ಮಾಡಿಕೊಟ್ಟೆ, ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಉಳಿದದ್ದನ್ನು ಕಿರಣ್ ಊರಿನ ರುಚಿ ಎಂದು ಬಾಣಲೆ ಒರೆಸಿಕೊಂಡು ತಿಂದ. ಅದನ್ನು ನೋಡಿ ಸುಮಿ ತಾನೇ ತಿಂದಂತೆ ಸಂತೋಷಪಟ್ಟಳು.

ಮತ್ತೆ ಮೆಲ್ಬರ್ನ್

ಸ್ಕ್ಯಾನಿನ ದಿನ ಕೆವಿನನೂ ಇದ್ದ. ಮೊದಲು ಅವನನ್ನು ಒಳಗೆ ಕರೆದರು. ಹೊರಗೆ ಬಂದವನ ಮುಖ ನೋಡಿಯೇ ತಿಳಿಯಿತು. ಅವನು ಖುಷಿಯನ್ನು ಮುಚ್ಚಿಟ್ಟುಕೊಳ್ಳಲು ಬಹಳ ಕಷ್ಟಪಡುತ್ತಿದ್ದ. ಗಡ್ಡೆಗಳು ಅರ್ಧಕ್ಕೆ ಕುಗ್ಗಿದ್ದವಂತೆ. ಸುಮಿ ತಾನೇ ಎದ್ದು ಹೋಗಿ ಅವನ ಕೈ ಹಿಡಿದು, ಹಸುಗಳಿಗೆ ಹೇಳು ಎಂದಳು. ಅವನು, ಈಗ ನಿನ್ನ ಸರದಿ ನೆರೆಯವಳೇ, ಎಂದ.

ಸುಮಿಯ ಗಡ್ಡೆಗಳು ಕುಗ್ಗಿರಲಿಲ್ಲ. ಯಕೃತ್ತಿನಲ್ಲಿ ಹೊಸವು ಬಂದಿದ್ದವು.

ಡಾಕ್ಟರ್ ಮರಿಯಾ ಸಾರಿ ಎಂದರು. ಸುಮಿ ಅದನ್ನು ನನಗೆ ತಿರುಗಿಸಿ ಹೇಳುವ ಗೋಜಿಗೆ ಹೋಗಲಿಲ್ಲ. ಅಷ್ಟು ಇಂಗ್ಲಿಷು ನನಗೂ ಬಂದಿತ್ತು. ಪಕ್ಕದ ಕುರ್ಚಿಯವನಿಗೆ ಹಿಡಿದದ್ದು ನನಗೇಕೆ ಹಿಡಿಯಲಿಲ್ಲ, ಚರ್ಮ ಬೇರೆ ಅಂತಲೇ ಎಂದು ಸುಮಿ ಕೇಳಿದಳು. ಹೌದು ಎನ್ನಲು ನನ್ನ ಬಳಿ ಆಧಾರವಿಲ್ಲ, ಅಲ್ಲ ಎನ್ನಲೂ ಇಲ್ಲ ಎಂದರು ಡಾಕ್ಟರು. ಬಿಳಿಯರಲ್ಲೂ ಇದು ಹಿಡಿಯದವರೇ ಹೆಚ್ಚು. ಒಬ್ಬ ಕೆವಿನನನ್ನೂ ಒಬ್ಬಳು ಸುಮಿತ್ರಾಳನ್ನೂ ನೋಡಿ ಏನನ್ನೂ ಹೇಳಬಾರದು. ಹೇಳಬೇಕಾದರೆ ನಿಮ್ಮಂಥ ಎಷ್ಟೋ ಜನರ ತುಣುಕು ಬೇಕು.

ಆಮೇಲೆ ತುಸು ತಡೆದು, ಇನ್ನೊಂದು ಕೇಳುವುದಿದೆ, ಇಲ್ಲ ಎಂದರೂ ನಡೆಯುತ್ತದೆ ಎಂದರು. ಯಕೃತ್ತಿನಿಂದ ಇನ್ನೊಂದು ತುಣುಕು ತೆಗೆಯಬಹುದೇ? ನಾಯಿ ಯಾಕೆ ಕೂಡಲಿಲ್ಲ ಎಂದು ನೋಡಲಿಕ್ಕೆ. ನೋವಾಗುತ್ತದೆ. ನಿಮಗೆ ಇದರಿಂದ ಏನೂ ಉಪಯೋಗವಿಲ್ಲ.

ಸುಮಿ ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದಳು. ಸಂಜೆ ಕಿರಣನ ಫ್ಲ್ಯಾಟಿನಿಂದ ವಿಡಿಯೋ ಕರೆ ಹಚ್ಚಿದೆವು. ಶ್ರೀಪಾದ ಸ್ಕ್ಯಾನಿನ ಸುದ್ದಿ ಕೇಳಿ ಎದ್ದು ಹೋಗಿಬಿಟ್ಟ. ಪರದೆಯ ಮೇಲೆ ಆಯಿ ಒಬ್ಬರೇ ಉಳಿದರು. ತುಣುಕಿನ ಮಾತು ಕೇಳಿ ಅವರು ಬೇಡವೆಂದು ತಲೆಯಾಡಿಸಿದರು. ಇದ್ದಷ್ಟೂ ದೇಹ ಒಟ್ಟಿಗೆ ಅಗ್ನಿಗೆ ಹೋಗಬೇಕು, ಪರದೇಶದ ಪೆಟ್ಟಿಗೆಯಲ್ಲಿ ಒಂದು ಚೂರು ಉಳಿದರೆ ಜೀವ ಅದರ ಸುತ್ತ ತಿರುಗುತ್ತದೆ ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಅಂಗಲಾಚುವಂತೆ ಹೇಳಿದರು.

ಸುಮಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅವಳ ದನಿಯಲ್ಲಿ ಚುಚ್ಚುಮಾತಿರಲಿಲ್ಲ, ದಣಿವಿತ್ತು.

“ಆಯಿ, ಅವರ ಡಬ್ಬಿ ನಮ್ಮ ಫ್ರಿಜ್ಜಿನ್ಯಾಗ ಇಡಲಿಲ್ಲ. ನನ್ನ ತುಣುಕರ ಅವರ ಫ್ರಿಜ್ಜಿನ್ಯಾಗ ಇರ್ಲಿ. ನಾಳೆ ಮೇಘಾಗ ಏನರ ಆದ್ರ, ಅವರು ಗೊತ್ತಿಲ್ಲ ಅನಬಾರದು.”

ಪರದೆಯಲ್ಲಿ ಆಯಿಯ ಮುಖ ಅಲ್ಲಾಡದೆ ನಿಂತದ್ದು ನೋಡಿ ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ. ಹೋಗಿರಲಿಲ್ಲ, ಹಿಂದೆ ಗಡಿಯಾರದ ಮುಳ್ಳು ಓಡುತ್ತಲೇ ಇತ್ತು.

ಮರುದಿನ ತುಣುಕು ತೆಗೆದರು. ಸೂಜಿ ಹೋಗುವಾಗ ಸುಮಿ ನನ್ನ ಕೈಯನ್ನು ಎಷ್ಟು ಬಿಗಿ ಹಿಡಿದಳೆಂದರೆ ಅವಳ ಮೈಯಲ್ಲಿ ಇನ್ನೂ ಇಷ್ಟು ಬಲವಿದೆಯಲ್ಲ ಎಂದು ನನಗೆ ಮೂರ್ಖತನದ ಆಸೆ ಹುಟ್ಟಿತು.

ವಿಮಾನ ನಿಲ್ದಾಣಕ್ಕೆ ಬಿಡಲು ಬಂದ ಕಿರಣ್, ಮತ್ತೆ ಯಾವಾಗ ಬರ್ತೀರಾ ಆಂಟಿ ಎಂದು ಕೇಳಲಿಲ್ಲ. ಸುಮಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವಳು, “ಮದಿವಿ ಮಾಡ್ಕೋ. ಅಡಿಗಿ ಕಲ್ತಾಕಿನ್ನ ಹುಡುಕಬ್ಯಾಡ, ನೀನ ಕಲಿ” ಎಂದಳು.

ಮತ್ತೆ ಲಿವರ್‌ಪೂಲ್

ಆಸ್ಪತ್ರೆ ಬೇಡ, ಮನೆಯಲ್ಲೇ ಎಂದಳು. ನರ್ಸುಗಳು ಮನೆಗೇ ಬಂದು ನೋವಿನ ಔಷಧಿ ಹಚ್ಚಿ ಹೋಗುತ್ತಿದ್ದರು. ಶೂ ಬಾಗಿಲಲ್ಲೇ ಬಿಡಬೇಕೇ ಎಂದು ಅವರೇ ಕೇಳುತ್ತಿದ್ದರು. ಮೇಘಾ ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಮಲಗುತ್ತಿದ್ದಳು. ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಆ ದಿನಗಳಲ್ಲಿ ಎಲ್ಲೆಲ್ಲಿಂದಲೋ ಹೆಕ್ಕಿ ಕನ್ನಡವಾಡಿದಳು. ಅಮ್ಮ, ನೀರು ಕುಡೀತಿ? ಅಮ್ಮ, ನೋವು ಅದ?

ಆಯಿ ದಿನವೂ ಮಡಿ ಉಟ್ಟು, ತಮ್ಮ ಹಲಗೆಯ ಹಾಲನ್ನು ಕಾಯಿಸಿ, ಸುಮಿಯ ತುಟಿಗೆ ಹತ್ತಿಯಿಂದ ಹನಿಸುತ್ತಿದ್ದರು. ದೇವರಿಗಿಂತ ಮೊದಲು. ಅದು ಆ ಮನೆಯಲ್ಲಿ ಎಂದೂ ಆಗದಿದ್ದದ್ದು.

ಸುಮಿ ಒಂದು ಬೆಳಿಗ್ಗೆ, ಇರಾಕಿನ ಹೆಂಗಸು ತಾಟು ಇಟ್ಟು ಹೋದ ಸ್ವಲ್ಪ ಹೊತ್ತಿನಲ್ಲಿ ಹೋದಳು. ಅವತ್ತು ಆ ತಾಟು ಗ್ಯಾರೇಜಿಗೆ ಹೋಗಲಿಲ್ಲ. ಮಧ್ಯಾಹ್ನದವರೆಗೂ ಬಾಗಿಲಲ್ಲೇ ಇತ್ತು. ಆ ಹೆಂಗಸು ಅದನ್ನು ನೋಡಿಯೇ ತಿಳಿದುಕೊಂಡು, ಬಾಗಿಲು ದಾಟಿ ಒಳಗೆ ಬಂದು, ಆಯಿಯ ಪಕ್ಕ ನೆಲದ ಮೇಲೆ ಕೂತಳು.

ಅಲ್ಲಿ ಚಿತೆಯೆಂದರೆ ಗುಂಡಿ ಒತ್ತುವುದು. ಪರದೆ ಸರಿಯಿತು, ಪೆಟ್ಟಿಗೆ ಒಳಗೆ ಹೋಯಿತು, ಪರದೆ ಮುಚ್ಚಿತು. ಹಳ್ಳಿಯಿಂದ ಕೆವಿನ್ ಒಂದು ಕಾರ್ಡು ಕಳಿಸಿದ್ದ. ಮೇಲೆ ಕೆಂಪು ಹಣೆಯ ಹಸುವಿನ ಚಿತ್ರವಿತ್ತು, ಒಳಗೆ ನೆರೆಯವಳಿಗೆ ಎಂದಷ್ಟೇ ಬರೆದಿತ್ತು.

ಧಾರವಾಡ

ವೀಸಾ ಮುಗಿಯುವ ಮೊದಲು ನಾನು ಊರಿಗೆ ಬಂದೆ. ಜನ ಆಸ್ಟ್ರೇಲಿಯಾ ಹೇಗಿತ್ತು ಎಂದು ಕೇಳಿದರೆ ತಂಪಿತ್ತು ಎನ್ನುತ್ತೇನೆ.

ಸುಮಿಯ ವರ್ಷಾಬ್ದಿಕ ಶ್ರಾದ್ಧ ಇನ್ನೂ ದೂರವಿದ್ದಾಗ ಒಂದು ದಿನ ಮೇಘಾ ಫೋನ್ ಮಾಡಿದಳು. ಮೌಶಿ, ಒಂದು ಮಾತು ಹೇಳಬೇಕು ಎಂದಳು, ಕನ್ನಡದಲ್ಲೇ. ಅಪ್ಪನ ಹೆಸರಿಗೆ ಮತ್ತೆ ಡಬ್ಬಿ ಬಂದಿತ್ತಂತೆ. ಈ ಸಲ ಶ್ರೀಪಾದ ಅದನ್ನು ಗ್ಯಾರೇಜಿಗೆ ಒಯ್ಯಲಿಲ್ಲವಂತೆ. ಆಮೇಲೆ ಸೂಚನೆಯಲ್ಲಿ ಹೇಳಿದಂತೆ ಮೊದಲ ಮಾದರಿ ತೆಗೆದು, ಚೀಲದ ಬಾಯಿ ಒತ್ತಿ, ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

ಆಯಿ ಆಗಷ್ಟೇ ಸ್ನಾನ ಮಾಡಿ ಬಂದಿದ್ದರು. ಮಗನ ಕೈ ನೋಡಿದರು. ಫ್ರಿಜ್ಜಿನ ಬಾಗಿಲು ತೆಗೆದು, ಮೇಲಿನ ಹಲಗೆಯ ಹಾಲಿನ ಪಾತ್ರೆಯನ್ನು ಒಂದು ಕಡೆಗೆ ಸರಿಸಿ, ಖಾಲಿಯಾದ ಜಾಗವನ್ನು ತಮ್ಮ ಸೆರಗಿನಿಂದ ಒರೆಸಿದರು.

“ಇಲ್ಲಿಡು. ಕಣ್ಣಿಗೆ ಕಾಣೂ ಹಂಗ ಇರ್ಲಿ” ಎಂದರಂತೆ.

ಎರಡನೆಯ ಮಾದರಿಯೂ ಆದ ಮೇಲೆ ಶ್ರೀಪಾದ ನೌಕರಿಗೆ ಹೋಗುವ ದಾರಿಯಲ್ಲಿ ಅದನ್ನು ಅಂಚೆಪೆಟ್ಟಿಗೆಗೆ ಹಾಕಿದ. ಆಯಿ ಹಾಲಿನ ಪಾತ್ರೆಯನ್ನು ಮತ್ತೆ ನಡುವಿಗೆ ಸರಿಸಲಿಲ್ಲ.